ನಿಂತ ಅಂಬುಲೆನ್ಸಿನ ವಿಷಯ

ಸೈರನ್ ಕೇಳಿದ ಕೂಡಲೇ ವಾಹನವನ್ನು ಬದಿಗೆ ತೆಗೆಯಬೇಕು ಎಂಬುದು ನಮ್ಮ ಮೂರನೇ ತರಗತಿಯ ಮಕ್ಕಳಿಗೂ ಗೊತ್ತು. ಕಾಸರಗೋಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ದೊಡ್ಡ ಕಾಯಿಲೆ ಬಂದರೆ ನಾವು ತಲಪಾಡಿ ದಾಟಿ ಮಂಗಳೂರಿಗೇ ಓಡಬೇಕು. 2020ರ ಮಾರ್ಚಿನಲ್ಲಿ ಕೊರೋನಾದ ಹೆಸರಿನಲ್ಲಿ ಗಡಿ ಮುಚ್ಚಿದಾಗ ಅಂಬುಲೆನ್ಸ್ ತಲಪಾಡಿಯಿಂದ ಹಿಂದೆ ಬಂದು, ಆಸ್ಪತ್ರೆ ಸೇರಲಾಗದೆ ತೀರಿಹೋದವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆದ್ದರಿಂದ ಓಡುವ ಅಂಬುಲೆನ್ಸಿನ ಬೆಲೆ ನಮಗೆ ಚೆನ್ನಾಗಿ ಗೊತ್ತುಂಟು. ನಾನು ಇಲ್ಲಿ ಹೇಳಹೊರಟಿರುವುದು ನಿಂತ ಅಂಬುಲೆನ್ಸಿನ ವಿಷಯ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಂಬುಲೆನ್ಸ್ ಚಾಲಕ. ಕಳೆದ ಮಳೆಗಾಲದಲ್ಲಿ ಪೇಟೆಯಲ್ಲಿ ಸಿಕ್ಕಿದಾಗ, "ಅಷ್ಟು ಸ್ಪೀಡಿನಲ್ಲಿ ಹೋಗುವಾಗ ಹೆದರಿಕೆ ಆಗುವುದಿಲ್ಲವಾ?" ಎಂದು ಕೇಳಿದೆ. "ಓಡುವಾಗ ಎಂಥ ಹೆದರಿಕೆಯೂ ಇಲ್ಲ ಮಾಷ್ಟ್ರೇ, ಎಲ್ಲರೂ ದಾರಿ ಬಿಡುತ್ತಾರೆ. ಗಾಡಿ ನಿಲ್ಲಿಸಿ ಸ್ಟ್ರೆಚರ್ ಇಳಿಸುವಾಗಲೇ ಹೆದರಿಕೆ. ಬೆನ್ನಿನ ಹಿಂದೆ ಬರುವ ಗಾಡಿ ನಮಗೆ ಕಾಣುವುದಿಲ್ಲ" ಅಂದ.

ಅವನು ಹೇಳಿದ್ದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 110 ಕಿಲೋಮೀಟರ್ ವೇಗಮಿತಿ ಎಂದು ಕೇರಳ ಸರಕಾರ 2023ರ ಜುಲೈಯಿಂದ ನಿಗದಿ ಮಾಡಿದೆ. ಅಂದರೆ ಸೆಕೆಂಡಿಗೆ 30 ಮೀಟರ್. ನಮ್ಮ ಶಾಲೆಯ ಅಂಗಳದ ವಾಲಿಬಾಲ್ ಕೋರ್ಟಿನ ಉದ್ದ 18 ಮೀಟರ್. ಚಾಲಕ ಎದುರಿಗೆ ಏನೋ ಉಂಟು ಎಂದು ಕಂಡು, ಕಾಲನ್ನು ಬ್ರೇಕಿಗೆ ತರುವುದಕ್ಕೆ ಒಂದೂವರೆ ಸೆಕೆಂಡ್ ಬೇಕು ಎಂದಿಟ್ಟುಕೊಂಡರೂ, ಅಷ್ಟರಲ್ಲಿ ಕಾರು ಎರಡೂವರೆ ಕೋರ್ಟು ದಾಟಿ ಆಯಿತು. ಬ್ರೇಕ್ ಹಿಡಿಯುವುದು ಅದರ ನಂತರ! ರಸ್ತೆ ಒದ್ದೆಯಾಗಿದ್ದರೆ ಕೇಳುವುದೇ ಬೇಡ. ಆಟಿ ತಿಂಗಳ ಮಳೆಯಲ್ಲಿ ಗಾಳಿಗೆ ಬಿದ್ದ ಮರವನ್ನು ರಾತ್ರಿ ಹೊತ್ತು ಕಡಿಯುತ್ತಿರುವ ಫಯರ್ ಫೋರ್ಸಿನವರನ್ನು, ಕಂಬ ಹತ್ತಿದ ಕೆ.ಎಸ್.ಇ.ಬಿ. ಲೈನ್‌ಮ್ಯಾನನ್ನು, ಟಾರ್ಚ್ ಹಿಡಿದು ಗಾಡಿಗಳನ್ನು ತಿರುಗಿಸುವ ಪೊಲೀಸನ್ನು ಒಮ್ಮೆ ನೆನೆದುಕೊಳ್ಳಿ. ಇವರಿಗೆಲ್ಲ ರಸ್ತೆಯೇ ಆಫೀಸು.

ಇದು ಬರೀ ಕಲ್ಪನೆಯ ಮಾತಲ್ಲ. 2023ರ ಜುಲೈ 20ರ ನಸುಕಿನಲ್ಲಿ ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯಲ್ಲಿ ಒಂದು ಜೀಪು ಡಂಪರಿಗೆ ಗುದ್ದಿತ್ತು. ಪೊಲೀಸರು ಬಂದರು, ಜನ ಸೇರಿದರು. ಆಗ ಹಿಂದಿನಿಂದ ಅತಿ ವೇಗವಾಗಿ ಬಂದ ಕಾರೊಂದು ಆ ಗುಂಪಿನ ಮೇಲೇ ನುಗ್ಗಿತು. ಒಂಬತ್ತು ಜನ ಸತ್ತರು. ಸತ್ತವರಲ್ಲಿ ಕರ್ತವ್ಯದಲ್ಲಿದ್ದ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್, ಒಬ್ಬ ಹೋಂಗಾರ್ಡ್ ಇದ್ದರು. ಮೊದಲನೆಯ ಅಪಘಾತಕ್ಕಿಂತ ಎರಡನೆಯದೇ ಘೋರವಾಯಿತು.

ಇನ್ನು ಕಾನೂನು ಏನು ಹೇಳುತ್ತದೆ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 194-ಇ ಎಂಬ ಕಲಮು ಸೇರಿತು. ಅಂಬುಲೆನ್ಸ್, ಅಗ್ನಿಶಾಮಕ ವಾಹನಗಳು ಹತ್ತಿರ ಬರುವಾಗ ಬದಿಗೆ ಸರಿಯದಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ. ಒಳ್ಳೆಯದೇ. ಆದರೆ ಅಲ್ಲಿರುವ ಮಾತು 'ಹತ್ತಿರ ಬರುವಾಗ' ಎಂದು. ಅದೇ ವಾಹನ ದೀಪ ಮಿನುಗಿಸುತ್ತಾ ರಸ್ತೆ ಬದಿಯಲ್ಲಿ ನಿಂತಿರುವಾಗ, ಅದರ ಪಕ್ಕದಲ್ಲಿ ಮನುಷ್ಯರು ಬಗ್ಗಿ ಕೆಲಸ ಮಾಡುತ್ತಿರುವಾಗ ನಾವು ಹೇಗೆ ದಾಟಬೇಕು ಎಂಬುದನ್ನು ಈ ಕಲಮು ಹೇಳುವುದಿಲ್ಲ. ಅಪಾಯಕಾರಿ ಚಾಲನೆಗೆ 184ನೇ ಕಲಮು ಉಂಟು, ಸತ್ತರೆ ನ್ಯಾಯಸಂಹಿತೆಯ 106 ಉಂಟು. ಇಂಥ ಕಲಮುಗಳು ನೆನಪಾಗುವುದು ಹೆಚ್ಚಾಗಿ ಏನಾದರೂ ಆದ ಮೇಲೆಯೇ.

ಅಮೆರಿಕದಲ್ಲಿಯೂ ಹೀಗೆಯೇ ಇತ್ತಂತೆ. 1994ರಲ್ಲಿ ಸೌತ್ ಕೆರೊಲಿನಾ ರಾಜ್ಯದಲ್ಲಿ ಜೇಮ್ಸ್ ಗಾರ್ಸಿಯಾ ಎಂಬ ಅಂಬುಲೆನ್ಸ್ ಕಾರ್ಯಕರ್ತ ಅಪಘಾತದ ಸ್ಥಳದಲ್ಲಿ ಸಹಾಯ ಮಾಡುತ್ತಿದ್ದಾಗ ವಾಹನವೊಂದು ಅವರಿಗೆ ಬಡಿಯಿತು. ಪೊಲೀಸ್ ವರದಿ ತಪ್ಪು ಗಾರ್ಸಿಯಾರದ್ದೇ ಎಂದಿತು! ಅವರು ಸುಮ್ಮನೆ ಕೂರಲಿಲ್ಲ. 1996ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ತುರ್ತು ವಾಹನ ನಿಂತಿರುವುದು ಕಂಡರೆ ಅದರ ಪಕ್ಕದ ಪಥ ಬಿಟ್ಟು ಆಚೆ ಪಥಕ್ಕೆ ಹೋಗಿ, ಆಗದಿದ್ದರೆ ವೇಗ ಇಳಿಸಿ. ಇಷ್ಟೇ ಅದರ ಸಾರ. 2012ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲಿಯೂ ಇಂಥ ಕಾನೂನು ಆಯಿತು. ಹಲವು ಕಡೆ ಕೆಟ್ಟ ವಾಹನ ಎಳೆಯುವವರನ್ನು, ವಿದ್ಯುತ್ ಕೆಲಸದವರನ್ನೂ ಅದರಲ್ಲಿ ಸೇರಿಸಿದ್ದಾರೆ.

ನಮ್ಮಲ್ಲಿಯೂ ಇದು ಬರೆದ ಕಾನೂನಾಗಿ ಬರಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಕ್ಕರು. "ಪಥ ಎಂದರೆ ಏನೆಂದು ನಮ್ಮವರಿಗೆ ಗೊತ್ತಿದ್ದರಲ್ಲವೇ ಬಿಡುವುದು?" ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಚೆರ್ಕಳ-ಜಾಲ್ಸೂರು ರಸ್ತೆಯಲ್ಲಿ ಬಿಡಲಿಕ್ಕೆ ಬೇರೆ ಪಥವಾದರೂ ಎಲ್ಲುಂಟು? ಆದರೆ ವೇಗ ಇಳಿಸಲಿಕ್ಕೆ ಪಥ ಬೇಡವಲ್ಲ! ಇನ್ನು, ದಂಡ ಹಾಕಿದರೆ ನಮ್ಮವರು ಕಲಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ಎ.ಐ. ಕ್ಯಾಮೆರಾ ಬಂದ ಮೇಲೆ ಹಿಂದಿನ ಸೀಟಿನವರಿಗೂ ಹೆಲ್ಮೆಟ್ ಬಂತೋ ಇಲ್ಲವೋ? ದುಬಾಯಿಯಲ್ಲಿ ಕಾರು ಬಿಡುವ ನಮ್ಮ ಊರಿನವರನ್ನು ಕೇಳಿ ನೋಡಿ. ಅಲ್ಲಿ ಅಪಘಾತ ನೋಡಲೆಂದು ಗಾಡಿ ನಿಧಾನಿಸಿ ಗುಂಪು ಕಟ್ಟಿದರೆ ಸಾವಿರ ದಿರ್ಹಂ ದಂಡ. ಅಲ್ಲಿ ಶಿಸ್ತಾಗಿ ಹೋಗುವವರು ರಜೆಯಲ್ಲಿ ಊರಿಗೆ ಬಂದ ಕೂಡಲೇ ಗಾಡಿ ಅಡ್ಡ ನಿಲ್ಲಿಸಿ ಮೊಬೈಲ್ ತೆಗೆಯುವುದು ಯಾಕೆ?

ಗುಂಪಿನ ವಿಷಯದಲ್ಲಿ ಇನ್ನೊಂದು ಮಾತು. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ 20 ಜನ ಸತ್ತದ್ದು ಹಿರಿಯರಿಗೆ ನೆನಪಿರಬಹುದು. ಮಂಗಳೂರಿನಿಂದ ಹೊರಡುವ ಅಂಥ ಟ್ಯಾಂಕರುಗಳು ನಮ್ಮ ಶಾಲೆಗಳ ಎದುರಿನಿಂದಲೇ ಹೋಗುತ್ತವೆ. ಅಂಥದ್ದು ಮಗುಚಿದರೆ ಫಯರ್ ಫೋರ್ಸಿನವರಿಗೆ ಮೊದಲು ಬೇಕಾಗುವುದು ಖಾಲಿ ರಸ್ತೆ. ಗಾಯಾಳುವಿಗೆ ಸಹಾಯ ಮಾಡುವವರು ಬೇರೆ, ಸುಮ್ಮನೆ ನೋಡುವವರು ಬೇರೆ. ಸಹಾಯ ಮಾಡಿದವರಿಗೆ ಪೊಲೀಸ್ ಕಿರುಕುಳ ಆಗಬಾರದೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2019ರ ತಿದ್ದುಪಡಿಯಲ್ಲಿ 134-ಎ ಕಲಮಿನ ರಕ್ಷಣೆಯೂ ಬಂದಿದೆ. ಅವರು ಹೆದರಬೇಕಾಗಿಲ್ಲ.

ಎಲ್ಲವನ್ನೂ ಚಾಲಕರ ತಲೆಗೆ ಕಟ್ಟುವುದೂ ಸರಿಯಲ್ಲ. ಮಿಂಚುವ ಜಾಕೆಟ್ ಇಲ್ಲದೆ, ಹಿಂದೆ ನೂರು ಮೀಟರ್ ದೂರದಲ್ಲಿ ಒಂದು ಕೋನ್ ಸಹ ಇಡದೆ ಜನರನ್ನು ರಾತ್ರಿ ಕೆಲಸಕ್ಕೆ ಇಳಿಸಿದರೆ ಅದು ಇಳಿಸಿದವರ ತಪ್ಪು. ಗುತ್ತಿಗೆಯ ಕೆಲಸಗಾರರು ಎಷ್ಟೋ ಸಲ ಮರದ ಗೆಲ್ಲು ಮುರಿದು ರಸ್ತೆಯಲ್ಲಿಡುವುದನ್ನು ನೀವೂ ನೋಡಿರುತ್ತೀರಿ.

ಶಾಲೆಯಲ್ಲಿ ಏನು ಮಾಡಬಹುದು? ಕೇರಳದಲ್ಲಿ 2010ರಿಂದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಉಂಟು. ಆ ಮಕ್ಕಳಿಗೆ ಇದನ್ನು ಒಂದು ಪಾಠವಾಗಿ ಹೇಳಬಹುದು. ಮಕ್ಕಳು ಗಾಡಿ ಬಿಡುವುದಿಲ್ಲ ನಿಜ. ಆದರೆ ಅಪ್ಪನ ಬೈಕಿನ ಹಿಂದೆ ಕೂತು, "ಅಪ್ಪ, ಎದುರು ಕೆಂಪು ಲೈಟ್ ಕಾಣ್ತದೆ, ನಿಧಾನ" ಎನ್ನಲು ಲೈಸೆನ್ಸ್ ಬೇಡ. ನಾನು ಏಳನೇ ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು, "ಕೆ.ಎಸ್.ಇ.ಬಿ. ಜೀಪಿಗೂ ನಿಧಾನ ಮಾಡಬೇಕಾ ಸರ್?" ಎಂದು ಕೇಳಿದಳು. ಅವಳ ಅಪ್ಪ ಲೈನ್‌ಮ್ಯಾನ್. ಮಾಡಬೇಕು ಎಂದೆ.

ಬರುವ ಪಿ.ಟಿ.ಎ. ಸಭೆಗೆ ಶಾಲಾ ಬಸ್ಸಿನ ಮತ್ತು ಮಕ್ಕಳನ್ನು ಕರೆತರುವ ಆಟೋಗಳ ಚಾಲಕರನ್ನೂ ಕರೆದಿದ್ದೇವೆ. ನನ್ನ ಅಂಬುಲೆನ್ಸಿನ ಹುಡುಗ ಡ್ಯೂಟಿ ಇಲ್ಲದಿದ್ದರೆ ಬಂದು ಮಾತನಾಡುತ್ತೇನೆ ಅಂದಿದ್ದಾನೆ. ನಿಮ್ಮ ಶಾಲೆಗಳಲ್ಲಿ ಇಂಥದ್ದೇನಾದರೂ ನಡೆದಿದ್ದರೆ ದಯವಿಟ್ಟು ಬರೆದು ತಿಳಿಸಿ.