ನಿಧಾನವಾಗಿ ತುಳಿಯುವವಳಿಗೂ ಜಾಗವಿರಲಿ

ಒಂದು ಪ್ರಯಾಣದ ನಡುವೆ ಹಝ್ರತ್ ಆಯಿಶಾ(ರ) ಅವರು ಪ್ರವಾದಿ(ಸ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ ಘಟನೆಯನ್ನು ನಾವೆಲ್ಲರೂ ಉಪನ್ಯಾಸಗಳಲ್ಲಿ ಕೇಳಿದವರೇ. ಮೊದಲ ಸಲ ಆಯಿಶಾ(ರ) ಗೆದ್ದರು. ಕಾಲ ಸರಿದು ಅವರ ಮೈ ತುಂಬಿಕೊಂಡ ಬಳಿಕ ಮತ್ತೊಮ್ಮೆ ಓಟ ನಡೆಯಿತು. ಈ ಸಲ ಪ್ರವಾದಿ(ಸ) ಗೆದ್ದರು, ಅಂದಿನ ಸೋಲಿಗೆ ಇಂದು ಸಮವಾಯಿತೆಂದು ವಿನೋದವಾಡಿದರು. ದಾಂಪತ್ಯದ ಪ್ರೀತಿಗೆ ಉದಾಹರಣೆಯಾಗಿ ಈ ಹದೀಸನ್ನು ಎಷ್ಟೋ ಸಲ ಉದ್ಧರಿಸಲಾಗುತ್ತದೆ. ಆದರೆ ಆ ಎರಡನೆಯ ಓಟದ ಬಗ್ಗೆ ನಾವು ಯೋಚಿಸುವುದು ಕಡಿಮೆ. ಮೊದಲಿನ ವೇಗ ಇಲ್ಲವೆಂದು ಗೊತ್ತಿದ್ದೂ ಅವರು ಓಡಿದರು. ಓಡಲು ಕರೆದವರು ಸ್ವತಃ ಪ್ರವಾದಿವರ್ಯರೇ(ಸ).

ಈ ಎರಡನೆಯ ಓಟ ನನಗೆ ನೆನಪಾದದ್ದು ಲಂಡನ್ ನಗರದ ಒಂದು ಮಹಿಳಾ ಸೈಕಲ್ ಸಂಘದ ಕುರಿತು ಓದುತ್ತಿದ್ದಾಗ. ನಗರದ ಪೂರ್ವಭಾಗದ ವಾಲ್ತಮ್ ಫಾರೆಸ್ಟ್ ಎಂಬಲ್ಲಿ 2016ರಲ್ಲಿ ಸಾರಾ ಜಾವೇದ್ ಎಂಬ ಸಹೋದರಿ 'ಸೈಕಲ್ ಸಿಸ್ಟರ್ಸ್' ಎಂಬ ಈ ಸಂಘವನ್ನು ಆರಂಭಿಸಿದರು. ಮುಸ್ಲಿಮ್ ಮಹಿಳೆಯರನ್ನು ಮುಖ್ಯವಾಗಿ ಉದ್ದೇಶಿಸಿದ್ದರೂ ಅಲ್ಲಿ ಎಲ್ಲ ಮಹಿಳೆಯರಿಗೂ ಸ್ವಾಗತವಿದೆ. ಒಂದು ಪ್ರದೇಶದ ಸಣ್ಣ ಗುಂಪಾಗಿ ಹುಟ್ಟಿದ ಅದು ಇಂದು ನಗರದ ಹಲವು ಭಾಗಗಳಲ್ಲಿ ಶಾಖೆಗಳನ್ನು ಹೊಂದಿದೆ. ಹಿಜಾಬ್ ತೊಟ್ಟ ಮಹಿಳೆಯರು ಸೈಕಲ್ ತುಳಿಯುತ್ತಾರೆಂಬುದು ಪತ್ರಿಕೆಗಳಿಗೆ ಸುದ್ದಿ. ನನ್ನ ಗಮನ ಸೆಳೆದದ್ದು ಅದಲ್ಲ, ಆ ಸಂಘದ ಬಾಗಿಲಲ್ಲಿ ಯಾವ ಅರ್ಹತಾ ಪರೀಕ್ಷೆಯೂ ಇಲ್ಲವೆಂಬುದು. ವರ್ಷಗಳ ಬಳಿಕ ಮತ್ತೆ ಸೈಕಲ್ ಮುಟ್ಟಿದವಳಿಗೆ ಒಂದು ಸವಾರಿ, ಸ್ವಲ್ಪ ಧೈರ್ಯ ಬಂದವಳಿಗೆ ಮತ್ತೊಂದು, ದೂರ ಹೋಗಬಲ್ಲವಳಿಗೆ ಇನ್ನೊಂದು. ಯಾರೂ ಹಿಂದೆ ಉಳಿದು ಒಂಟಿಯಾಗುವುದಿಲ್ಲ.

ಇಂತಹ ಸಂಘಗಳಲ್ಲಿ ಅನುಸರಿಸುವ ಕ್ರಮವು ಬಹಳ ಸರಳವಾದುದು. ಮುಂದೆ ದಾರಿ ಬಲ್ಲ ಒಬ್ಬಾಕೆ ಸಾಗುತ್ತಾಳೆ. ಎಲ್ಲರಿಗಿಂತ ಹಿಂದೆ ಮತ್ತೊಬ್ಬ ಅನುಭವಿ ಇರುತ್ತಾಳೆ, ಗುಂಪಿನ ಕೊನೆಯ ಸವಾರಳನ್ನು ದಾಟಿ ಅವಳು ಮುಂದೆ ಹೋಗುವಂತಿಲ್ಲ. ತಿರುವುಗಳಲ್ಲಿ ಎಲ್ಲರೂ ನಿಂತು ಕಾಯುತ್ತಾರೆ. ಹೀಗಾಗಿ ಇಡೀ ಗುಂಪಿನ ವೇಗವನ್ನು ನಿರ್ಧರಿಸುವವಳು ಅತ್ಯಂತ ನಿಧಾನವಾಗಿ ತುಳಿಯುವ ಸಹೋದರಿ. ಇಮಾಮರಾಗಿ ನಿಂತವರು ಹಿಂದಿನ ಸಾಲುಗಳಲ್ಲಿರುವ ವೃದ್ಧರನ್ನೂ ದುರ್ಬಲರನ್ನೂ ಗಮನದಲ್ಲಿಟ್ಟು ನಮಾಝನ್ನು ಹಗುರಗೊಳಿಸಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಐದು ಹೊತ್ತು ಈ ಪಾಠವನ್ನು ಆಚರಿಸುವ ಸಮುದಾಯಕ್ಕೆ ಆ ಕ್ರಮ ಅಪರಿಚಿತವೇನಲ್ಲ.

ನನ್ನ ತಂದೆ ಸೈಕಲಿನಲ್ಲಿ ಮೀನು ಮಾರುತ್ತಿದ್ದವರು. ಕ್ಯಾರಿಯರ್ ಮೇಲೆ ಬುಟ್ಟಿ ಕಟ್ಟಿಕೊಂಡು, ಹಾರ್ನ್ ಒತ್ತುತ್ತಾ ಹತ್ತಾರು ಮೈಲಿ ತುಳಿದು ನಮ್ಮನ್ನು ಸಾಕಿದರು. ಮದ್ರಸಕ್ಕೆ ರಜೆಯಿರುತ್ತಿದ್ದ ಶುಕ್ರವಾರದ ಬೆಳಿಗ್ಗೆ ಅದೇ ಸೈಕಲಿನಲ್ಲಿ ನನ್ನ ತಮ್ಮ ಸವಾರಿ ಕಲಿತ. ಅಡ್ಡ ಕಂಬಿಯ ಕೆಳಗಿನಿಂದ ಕಾಲು ತೂರಿಸಿ ಅವನು ತುಳಿಯುತ್ತಿದ್ದರೆ, ಬೀಳದಂತೆ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುತ್ತಿದ್ದವಳು ನಾನು. ಹ್ಯಾಂಡಲ್ ಎತ್ತ ತಿರುಗಿಸಬೇಕು, ಯಾವಾಗ ಬ್ರೇಕ್ ಒತ್ತಬೇಕು ಎಂದು ಕೂಗಿ ಹೇಳುತ್ತಿದ್ದವಳೂ ನಾನೇ. ನಾನು ಮಾತ್ರ ಅದರ ಮೇಲೆ ಕುಳಿತಿಲ್ಲ. ಯಾರೂ ಬೇಡವೆನ್ನಲಿಲ್ಲ, ನಿಜ. 'ನೀನೂ ಹತ್ತು' ಎಂದು ಯಾರೂ ಹೇಳಲೂ ಇಲ್ಲ. ನಮ್ಮಲ್ಲಿ ಬಹುತೇಕ ಹೆಣ್ಣುಮಕ್ಕಳ ಕಲಿಕೆ ಹೀಗೆಯೇ ತಪ್ಪಿಹೋಗುತ್ತದೆ. ನಿಷೇಧವಿದ್ದಿದ್ದರೆ ಕನಿಷ್ಠ ಚರ್ಚೆಯಾದರೂ ನಡೆಯುತ್ತಿತ್ತು.

ಇನ್ನು ಧಾರ್ಮಿಕ ಆಕ್ಷೇಪದ ಮಾತು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಲಂಡನ್ನಿನಲ್ಲಿ ಆ ಸಂಘ ಹುಟ್ಟಿದ 2016ರಲ್ಲಿಯೇ ಇರಾನಿನ ಪರಮೋಚ್ಚ ನಾಯಕರು ಪರಪುರುಷರ ಎದುರು ಮಹಿಳೆಯರು ಸೈಕಲ್ ತುಳಿಯುವುದರ ವಿರುದ್ಧ ಫತ್ವಾ ನೀಡಿದರು. ಸೌದಿ ಅರೇಬಿಯಾದಲ್ಲಿ 2013ರಲ್ಲಿ ಅನುಮತಿ ದೊರೆತಾಗಲೂ ಷರತ್ತುಗಳಿದ್ದವು: ಪೂರ್ಣ ಉಡುಪು, ಜೊತೆಗೆ ಪುರುಷ ಪೋಷಕ, ಉದ್ಯಾನದಂತಹ ಸ್ಥಳಗಳಲ್ಲಿ ವಿಹಾರಕ್ಕೆ ಮಾತ್ರ. ಕೆಲಸಕ್ಕೆ ಹೋಗಲು ಸೈಕಲ್ ಬಳಸಬಾರದು, ಸುತ್ತಾಡಿ ನಲಿಯಲು ಬಳಸಬಹುದೆಂಬ ಈ ವ್ಯತ್ಯಾಸದ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಅಗತ್ಯವಲ್ಲವೇ ಮೊದಲು ಬರಬೇಕಾದುದು?

ಆಕ್ಷೇಪದ ತಿರುಳು ಮರ್ಯಾದೆ ಮತ್ತು ಉಡುಪಿಗೆ ಸಂಬಂಧಿಸಿದ್ದು. ಅದು ಗೌರವಕ್ಕೆ ಅರ್ಹವಾದ ಕಾಳಜಿ, ಆದರೆ ಅದಕ್ಕೆ ಉತ್ತರವೂ ಇದೆ. ಅಡ್ಡ ಕಂಬಿಯಿಲ್ಲದ ಲೇಡೀಸ್ ಸೈಕಲ್, ಚೈನನ್ನು ಪೂರ್ತಿ ಮುಚ್ಚುವ ಕವರ್, ಹಿಂದಿನ ಚಕ್ರಕ್ಕೆ ಬಟ್ಟೆ ಸಿಲುಕದಂತೆ ತಡೆಯುವ ಜಾಲರಿ ಇವೆಲ್ಲ ಉದ್ದನೆಯ ಉಡುಪು ತೊಟ್ಟವರಿಗಾಗಿಯೇ ರೂಪುಗೊಂಡವು, ಅದೂ ಶತಮಾನದ ಹಿಂದೆ, ಯುರೋಪಿನ ಮಹಿಳೆಯರು ಪಾದದವರೆಗೆ ಲಂಗ ಧರಿಸುತ್ತಿದ್ದ ಕಾಲದಲ್ಲಿ. ಅಬಾಯದ ಅಂಚನ್ನು ಎತ್ತಿ ಕಟ್ಟಿಕೊಳ್ಳಲು ಒಂದು ಪಟ್ಟಿ, ಒಳಗೆ ಸಡಿಲವಾದ ಪೈಜಾಮ, ಹೆಲ್ಮೆಟ್ಟಿನ ಕೆಳಗೆ ತೆಳುವಾದ ಬಟ್ಟೆಯ ಹಿಜಾಬ್ ಇದ್ದರೆ ಸಾಕು. ಸ್ಕೂಟರ್ ಓಡಿಸುವ ನೂರಾರು ಸಹೋದರಿಯರನ್ನು ನಮ್ಮ ಕರಾವಳಿಯ ರಸ್ತೆಗಳಲ್ಲಿ ದಿನವೂ ಕಾಣುತ್ತೇವೆ. ಅವರ ಬಗ್ಗೆ ಎದ್ದೇಳದ ಪ್ರಶ್ನೆ, ಎಂಜಿನ್ ಇಲ್ಲದ ವಾಹನದ ಬಗ್ಗೆ ಏಕೆ ಏಳಬೇಕು?

ಒಂಟೆ ಸವಾರಿ ಮಾಡುವ ಸ್ತ್ರೀಯರ ಪೈಕಿ ಕುರೈಶ್ ಮಹಿಳೆಯರನ್ನು ಪ್ರವಾದಿ(ಸ) ಶ್ಲಾಘಿಸಿದ ಹದೀಸ್ ಪ್ರಸಿದ್ಧವಾಗಿದೆ. ಅದಕ್ಕಿಂತಲೂ ನನ್ನ ಮನಸ್ಸನ್ನು ತಟ್ಟುವುದು ಹಝ್ರತ್ ಉಮ್ಮು ಹರಾಮ್(ರ) ಅವರ ಚರಿತ್ರೆ. ಸಮುದ್ರ ದಾಟಿ ಹೋಗುವ ತಂಡದಲ್ಲಿ ತಾನೂ ಇರುವಂತೆ ಪ್ರಾರ್ಥಿಸಿರೆಂದು ಅವರು ಪ್ರವಾದಿ(ಸ)ರನ್ನು ಕೇಳಿಕೊಂಡಿದ್ದರು. ವರ್ಷಗಳ ಬಳಿಕ, ವಯಸ್ಸಾದ ಮೇಲೆ, ಸೈಪ್ರಸ್ ದಂಡಯಾತ್ರೆಯಲ್ಲಿ ಹೊರಟರು. ತೀರಕ್ಕಿಳಿದ ಮೇಲೆ ಸವಾರಿಯ ಪ್ರಾಣಿಯಿಂದ ಬಿದ್ದು ಮರಣ ಹೊಂದಿದರು. ಲಾರ್ನಕಾದ ಉಪ್ಪಿನ ಸರೋವರದ ಬಳಿ ಅವರದ್ದೆಂದು ಹೇಳಲಾಗುವ ಸಮಾಧಿ ಇಂದಿಗೂ ಇದೆ. ಈ ವಯಸ್ಸಿನಲ್ಲಿ ಆಕೆಗೆ ಸವಾರಿ ಬೇಕಿತ್ತೇ ಎಂದು ಯಾವ ಚರಿತ್ರೆಕಾರನೂ ಬರೆದದ್ದನ್ನು ನಾನು ಕಂಡಿಲ್ಲ. ನಮ್ಮ ಓಣಿಗಳಲ್ಲಿ ಮಾತ್ರ ಆ ಪ್ರಶ್ನೆಗೆ ಬರವಿಲ್ಲ.

ನನ್ನ ಅಭಿಪ್ರಾಯದಲ್ಲಿ, ನಮ್ಮ ಮಹಿಳೆಯರನ್ನು ತಡೆದಿರುವುದು ಫತ್ವಾಕ್ಕಿಂತ ಹೆಚ್ಚಾಗಿ ನಗೆಪಾಟಲಿನ ಭಯ. ಎಂಟು ವರ್ಷದ ಹುಡುಗ ಬಿದ್ದರೆ ಆಟ, ನಲವತ್ತರ ಗೃಹಿಣಿ ಬಿದ್ದರೆ ಊರಿಗೆಲ್ಲ ಸುದ್ದಿ. ಬಾಲ್ಯದಲ್ಲಿ ಕಲಿಕೆ ತಪ್ಪಿದ ಹೆಣ್ಣಿಗೆ ಮತ್ತೆ ಹರಿಕಾರಳಾಗಿ ನಿಲ್ಲಲು, ತಡವರಿಸಲು, ಬೀಳಲು ಒಂದು ಜಾಗವೇ ಇಲ್ಲ. ಎಲ್ಲ ಮಟ್ಟದವರನ್ನೂ ಸೇರಿಸಿಕೊಳ್ಳುವ ಸಂಘವೊಂದು ಮೊದಲು ಕೊಡುವುದು ಆ ಜಾಗವನ್ನೇ. ಅಲ್ಲಿ ಬೀಳುವವಳು ಒಬ್ಬಳೇ ಅಲ್ಲವಲ್ಲ!

ವಯಸ್ಸು ಮೀರಿತೆನ್ನುವವರು ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್ ಅವರ ಅನುಭವವನ್ನು ಗಮನಿಸಬಹುದು. ಮದ್ಯಪಾನ ವಿರೋಧಿ ಚಳವಳಿಯ ನಾಯಕಿಯಾಗಿದ್ದ ಆಕೆ ಸೈಕಲ್ ಕಲಿತದ್ದು ತಮ್ಮ 53ನೇ ವಯಸ್ಸಿನಲ್ಲಿ. ದಿನಕ್ಕೆ ಕೆಲವೇ ನಿಮಿಷಗಳಂತೆ ಅಭ್ಯಾಸ ನಡೆಸಿ, ಸುಮಾರು ಮೂರು ತಿಂಗಳಲ್ಲಿ ಕಲಿತು, 1895ರಲ್ಲಿ ಆ ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಹೆಂಗಸರು ಸೈಕಲ್ ತುಳಿದರೆ ಮುಖ ವಿಕಾರವಾಗುತ್ತದೆಂದು ಅಲ್ಲಿನ ಕೆಲವು ವೈದ್ಯರು ಎಚ್ಚರಿಸುತ್ತಿದ್ದ ಕಾಲವದು.

ಅಷ್ಟು ದೂರ ಹೋಗುವುದೂ ಬೇಡ. ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ಆರಂಭವಾದಾಗ, ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಅಕ್ಷರದೊಂದಿಗೆ ಸೈಕಲನ್ನೂ ಸೇರಿಸಿದರು. ಕೃಷಿ ಕೂಲಿಗಳು, ಕಲ್ಲುಕೋರೆಯ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಹೀಗೆ ಸಾವಿರಾರು ಗ್ರಾಮೀಣ ಮಹಿಳೆಯರು ಕಲಿತರು. ಅವರಲ್ಲಿ ನಮ್ಮ ಸಮುದಾಯದ ಮಹಿಳೆಯರೂ ಇದ್ದರು. ಕಲಿತವಳು ಮತ್ತೊಬ್ಬಳಿಗೆ ಕಲಿಸಿದಳು. ಪತ್ರಕರ್ತ ಪಿ. ಸಾಯಿನಾಥ್ ಈ ಕುರಿತು ವಿವರವಾಗಿ ಬರೆದಿದ್ದಾರೆ. ಲೇಡೀಸ್ ಸೈಕಲ್‌ಗಳ ಕೊರತೆಯಾದಾಗ ಮಹಿಳೆಯರು ಗಂಡಸರ ಸೈಕಲ್ಲನ್ನೇ ಕೊಂಡರಂತೆ. ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದೆಂದು ಕೆಲವರು ಅದನ್ನೇ ಮೆಚ್ಚಿದರಂತೆ. ನೀರು ತರಲು, ಮಾರುಕಟ್ಟೆಗೆ ಸಾಮಾನು ಒಯ್ಯಲು, ಬಸ್ಸಿಗಾಗಿ ಕಾಯುವ ಸಮಯ ಉಳಿಸಲು ಆ ಸೈಕಲ್ ಬಳಕೆಯಾಯಿತು. ವಿಹಾರಕ್ಕೂ ಆಯಿತು, ಅದರಲ್ಲಿ ತಪ್ಪೇನೂ ಇಲ್ಲ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆ ಆರಂಭವಾಯಿತು. ಆ ಯೋಜನೆಯಿಂದ ಅದೆಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ದಾರಿ ಹಿಡಿದರು. ನನ್ನ ಮಗಳಿಗೂ ಒಂದು ದೊರೆತಿತ್ತು. ಹತ್ತನೇ ತರಗತಿ ಮುಗಿದ ಮೇಲೆ ಅದು ಮನೆಯ ಹಿಂಬದಿಯ ಚಾವಡಿಗೆ ಸೇರಿತು. ಅವಳು ಬಸ್ಸು ಹತ್ತಿ ಕಾಲೇಜಿಗೆ ಹೋದಳು, ಸೈಕಲಿಗೆ ತುಕ್ಕು ಹತ್ತಿತು. ಎಷ್ಟು ಮನೆಗಳಲ್ಲಿ ಹೀಗೆ ಸೈಕಲ್‌ಗಳು ನಿಂತಿವೆಯೆಂದು ನಮ್ಮ ಓಣಿಯಲ್ಲಿ ಒಮ್ಮೆ ವಿಚಾರಿಸಿ ನೋಡಿದೆ. ನಾಲ್ಕು ಸಿಕ್ಕವು. ಕಲಿಯಬೇಕೆನ್ನುವ ಹೆಂಗಸರು ಆರು ಮಂದಿ. ಎಲ್ಲರಿಗಿಂತ ಹಿರಿಯಾಕೆಗೆ ಮೊಮ್ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಯೂ ಇದೆ.

ನಮಗೆ ಬೇಕಿರುವುದು ಮರೆಯಿರುವ ಒಂದು ಸಮತಟ್ಟು ಅಂಗಳ, ವಾರಕ್ಕೆರಡು ದಿನ, ಒಂದೊಂದು ಗಂಟೆ. ಊರಿನ ಮದ್ರಸದಲ್ಲಿ ಅಂತಹ ಅಂಗಳವಿದೆ. ಮಕ್ಕಳು ಬೆಳಿಗ್ಗೆ ಮದ್ರಸ ಮುಗಿಸಿ ಶಾಲೆಗೆ ಹೊರಟ ಮೇಲೆ ಝುಹರ್ ತನಕ ಅದು ಖಾಲಿಯೇ ಇರುತ್ತದೆ. ಆ ಹೊತ್ತಿನಲ್ಲಿ ಮಹಿಳೆಯರಿಗಷ್ಟೇ ಬಿಟ್ಟುಕೊಡಿರೆಂದು ಕಳೆದ ತಿಂಗಳು ಆರೂ ಮಂದಿ ಸಹಿ ಹಾಕಿ ಜಮಾಅತ್ ಸಮಿತಿಗೆ ಪತ್ರ ಕೊಟ್ಟಿದ್ದೇವೆ. 'ನೋಡೋಣ' ಎಂದಿದ್ದಾರೆ. ಈ ಬರಹವನ್ನು ಓದುವ ಇತರ ಊರುಗಳ ಸಮಿತಿಯವರು ತಮ್ಮ ಅಂಗಳದ ಬಗ್ಗೆಯೂ ಅಷ್ಟಾದರೂ ನೋಡಲಿ ಎಂಬುದು ನನ್ನ ವಿನಂತಿ.

ದೊಡ್ಡವರಿಗೆ ಕಲಿಸುವ ವಿಧಾನವನ್ನು ಈ ನಡುವೆ ಓದಿ ತಿಳಿದುಕೊಂಡೆ. ಮೊದಲು ಪೆಡಲ್‌ಗಳನ್ನು ಬಿಚ್ಚಬೇಕು. ಎರಡೂ ಪಾದಗಳು ನೆಲಕ್ಕೆ ತಾಗುವಷ್ಟು ಸೀಟನ್ನು ತಗ್ಗಿಸಬೇಕು. ಕಾಲಿನಿಂದ ನೆಲವನ್ನು ಒದ್ದು ಸಾಗುತ್ತಾ ಬ್ಯಾಲೆನ್ಸ್ ಕಲಿತ ಮೇಲೆಯೇ ಪೆಡಲ್. ಹಿಂದಿನಿಂದ ಯಾರೂ ಹಿಡಿದು ಓಡಬೇಕಾಗಿಲ್ಲ. ಕಳೆದ ವಾರ ಮಗಳ ಸೈಕಲನ್ನು ಅಂಗಡಿಗೆ ಒಯ್ದು ತುಕ್ಕು ತೆಗೆಸಿ, ಪೆಡಲ್ ಬಿಚ್ಚಲು ಹೇಳಿದೆ. ಕೆಟ್ಟಿಲ್ಲದ ಪೆಡಲನ್ನು ಏಕೆ ಬಿಚ್ಚಬೇಕೆಂದು ಅಂಗಡಿಯ ಹುಡುಗ ಎರಡು ಸಲ ಕೇಳಿದ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ತಿರುಗುತ್ತದೆಂದು ಅವನೇ ತೋರಿಸಿಕೊಟ್ಟ. ಎರಡನ್ನೂ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ.