ತುಂಡು ಚಿಕ್ಕದಾದರೆ ಬಣ್ಣವೇ ಬೇರೆ!

ಕೆಂಪು ಸೀಮೆಸುಣ್ಣವನ್ನು ಎರಡು ತುಂಡು ಮಾಡಿ. ಬಣ್ಣ ಬದಲಾಯಿತೇ? ಇಲ್ಲ. ಹತ್ತು ತುಂಡು ಮಾಡಿದರೂ ಕೆಂಪು ಕೆಂಪೇ. ವಸ್ತುವಿನ ಬಣ್ಣಕ್ಕೂ ಅದರ ಗಾತ್ರಕ್ಕೂ ಸಂಬಂಧವಿಲ್ಲ ಎಂಬುದು ನಮ್ಮೆಲ್ಲರ ಅನುಭವ.

ಆದರೆ ಕ್ಯಾಡ್ಮಿಯಂ ಸೆಲೆನೈಡ್ ಎಂಬ ಅರೆವಾಹಕದ ಹರಳನ್ನು ಕೆಲವೇ ನ್ಯಾನೊಮೀಟರುಗಳಷ್ಟು ಚಿಕ್ಕದಾಗಿ ತಯಾರಿಸಿದರೆ ಈ ಮಾತು ಸುಳ್ಳಾಗುತ್ತದೆ. (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೊಮೀಟರ್.) ಅತಿನೇರಳೆ ಕಿರಣ ಬಿದ್ದಾಗ ಸುಮಾರು 2 ನ್ಯಾನೊಮೀಟರಿನ ಹರಳು ನೀಲಿಯಾಗಿಯೂ 6 ನ್ಯಾನೊಮೀಟರಿನದು ಕೆಂಪಾಗಿಯೂ ಹೊಳೆಯುತ್ತದೆ. ವಸ್ತು ಒಂದೇ, ಬಣ್ಣ ಬೇರೆ! ಇವುಗಳೇ ಕ್ವಾಂಟಮ್ ಚುಕ್ಕೆಗಳು.

ಇದಕ್ಕೆ ಕಾರಣವೇನು? ಎಲೆಕ್ಟ್ರಾನಿಗೆ ಕಣದ ಗುಣದ ಜೊತೆಗೆ ಅಲೆಯ ಗುಣವೂ ಉಂಟು. ದೊಡ್ಡ ಹರಳಿನಲ್ಲಿ ಆ ಅಲೆಗೆ ಬೇಕಾದಷ್ಟು ಜಾಗ. ಚುಕ್ಕೆಯೊಳಗಾದರೋ ಇಕ್ಕಟ್ಟು. ವೀಣೆಯ ತಂತಿಯನ್ನು ಮೆಟ್ಟಿನ ಮೇಲೆ ಒತ್ತಿ, ಮಿಡಿಯುವ ಭಾಗವನ್ನು ಗಿಡ್ಡವಾಗಿಸಿದಷ್ಟೂ ಸ್ವರ ಏರುತ್ತದಲ್ಲವೇ? ಹಾಗೆಯೇ ಚುಕ್ಕೆ ಕಿರಿದಾದಷ್ಟೂ ಎಲೆಕ್ಟ್ರಾನಿನ ಶಕ್ತಿಮಟ್ಟಗಳ ನಡುವಿನ ಅಂತರ ಹಿಗ್ಗುತ್ತದೆ. ಬೆಳಕನ್ನು ಹೀರಿ ಮೇಲಿನ ಮಟ್ಟಕ್ಕೆ ನೆಗೆದ ಎಲೆಕ್ಟ್ರಾನ್ ಕೆಳಗಿಳಿಯುವಾಗ ಆ ಅಂತರದಷ್ಟು ಶಕ್ತಿಯನ್ನು ಬೆಳಕಾಗಿ ಹೊರಸೂಸುತ್ತದೆ. ಅಂತರ ಹೆಚ್ಚಿದ್ದರೆ ನೀಲಿ, ಕಡಿಮೆಯಿದ್ದರೆ ಕೆಂಪು.

ಈ ಪರಿಣಾಮವನ್ನು ಸೋವಿಯತ್ ಒಕ್ಕೂಟದ ಅಲೆಕ್ಸಿ ಎಕಿಮೊವ್ 1981ರಲ್ಲಿ ಗಾಜಿನೊಳಗೂ, ಅಮೆರಿಕದ ಲೂಯಿ ಬ್ರೂಸ್ 1983ರಲ್ಲಿ ದ್ರಾವಣದಲ್ಲೂ ಗುರುತಿಸಿದರು. ಆದರೆ ಚುಕ್ಕೆಗಳೆಲ್ಲ ಒಂದೇ ಗಾತ್ರದಲ್ಲಿದ್ದರೆ ಮಾತ್ರ ಶುದ್ಧ ಬಣ್ಣ. ಅದಕ್ಕೆ ದಾರಿ ತೋರಿದವರು ಮೌಂಗಿ ಬವೆಂಡಿ. 1993ರಲ್ಲಿ ಅವರೂ ಅವರ ಸಂಗಡಿಗರೂ ಬಿಸಿ ದ್ರಾವಕಕ್ಕೆ ರಾಸಾಯನಿಕಗಳನ್ನು ಥಟ್ಟನೆ ಚುಚ್ಚಿ, ಸಮಗಾತ್ರದ ಹರಳುಗಳನ್ನು ಬೆಳೆಸಿದರು. ಇಂದು ಕೆಲವು ಟಿ.ವಿ. ಪರದೆಗಳ ಬಣ್ಣಕ್ಕೆ ಇಂಥ ಚುಕ್ಕೆಗಳೇ ಆಧಾರ. ಮೂವರಿಗೂ 2023ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಕೊನೆಗೆ ಪೋಷಕರಿಗೊಂದು ಮಾತು. ಪ್ರಶಸ್ತಿ ಬಂದ ದಿನ ಬವೆಂಡಿ ತಮ್ಮ ಕಾಲೇಜು ದಿನಗಳನ್ನು ನೆನೆದರು. ಹಾರ್ವರ್ಡ್‌ನಲ್ಲಿ ಬರೆದ ಮೊದಲ ರಸಾಯನಶಾಸ್ತ್ರ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ನೂರಕ್ಕೆ 20; ಇಡೀ ತರಗತಿಗೇ ಕಡಿಮೆ! ಶಾಲೆಯಲ್ಲಿ ಹೆಚ್ಚು ಓದದೆಯೇ ಗೆದ್ದಿದ್ದ ಹುಡುಗನಿಗೆ ಓದುವ ಕ್ರಮವೇ ತಿಳಿದಿರಲಿಲ್ಲ. ಆತ ಅದನ್ನು ಕಲಿತ, ಮುಂದೆ ಸಾಗಿದ.

ಆದ್ದರಿಂದ ಕಡಿಮೆ ಅಂಕ ತಂದ ಮಗುವನ್ನು ಗದರಿಸಬೇಡಿ. ಪ್ರಶ್ನೆಪತ್ರಿಕೆ ಹಿಡಿದು ಅದರ ಪಕ್ಕ ಕುಳಿತುಕೊಳ್ಳಿ. ಎಲ್ಲಿ ಎಡವಿದ್ದೆಂದು ತಿಳಿದರೆ ಅರ್ಧ ಪಾಠ ಮುಗಿದಂತೆಯೇ.