ನೆತ್ತರಿನ ನಂಟೂ ಓದುಗರ ತಂಟೆಯೂ

2008ನೆಯ ಇಸವಿಯ ಆಗಸ್ಟ್ 2ರಂದು ಸ್ಟೆಫನಿ ಮೇಯರ್ ಅವರ ‘ಬ್ರೇಕಿಂಗ್ ಡಾನ್’ ಕಾದಂಬರಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ, ನಡುರಾತ್ರಿಯಲ್ಲಿ ಪುಸ್ತಕದಂಗಡಿಗಳ ಮುಂದೆ ಸಾಲುಗಟ್ಟಿ ನಿಂತಿದ್ದ ತರುಣಿಯರೂ ಅವರಲ್ಲಿ ಕೆಲವರ ತಾಯಂದಿರೂ ಸೇರಿ, ಒಂದೇ ದಿನದಲ್ಲಿ 13 ಲಕ್ಷ ಪ್ರತಿಗಳನ್ನು ಕೊಂಡೊಯ್ದರು. ಓದಿ ಮುಗಿಸಿದ ಮೇಲೆ ಅದೇ ಓದುಗರಲ್ಲಿ ಅನೇಕರು ಎಷ್ಟು ಕೆರಳಿದರೆಂದರೆ, ಪ್ರತಿಯನ್ನು ಅಂಗಡಿಗೆ ಹಿಂದಿರುಗಿಸಿ ಹಣವನ್ನು ವಾಪಸು ಕೇಳಬೇಕೆಂದು ಒಬ್ಬರಿಗೊಬ್ಬರು ಕರೆಕೊಟ್ಟರು. 2005ರಲ್ಲಿ ‘ಟ್ವೈಲೈಟ್’ನಿಂದ ಮೊದಲಾದ ಈ ವ್ಯಾಂಪೈರ್ ಪ್ರಣಯಸರಣಿಯನ್ನು ವಿಮರ್ಶಕರಲ್ಲಿ ಹಲವರು ಮೊದಲಿನಿಂದಲೂ ಕಡೆಗಣ್ಣಿನಿಂದಲೇ ಕಂಡಿದ್ದರು. ಅವರ ತಿರಸ್ಕಾರಕ್ಕೂ ಈ ಕೋಪಕ್ಕೂ ಅಜಗಜಾಂತರವುಂಟು. ಈ ಕೃತಿಗಳ ದೋಷವನ್ನು ನಿಕಟವಾಗಿ ಬಲ್ಲವರು ಅವನ್ನು ಮೆಚ್ಚಿ, ಮತ್ತೆ ಮತ್ತೆ ಓದಿ, ಜಗಳಕ್ಕೆ ನಿಂತವರೇ ಎಂಬುದು ನಮ್ಮ ಅಭಿಮತ.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. 2003ರ ಜೂನ್ ತಿಂಗಳ ಒಂದು ರಾತ್ರಿ, ಕಾಡಿನ ನಡುವಣ ಹುಲ್ಲುಬಯಲಿನಲ್ಲಿ ಒಬ್ಬ ಸಾಮಾನ್ಯ ಹುಡುಗಿಯೊಡನೆ ಮಾತನಾಡುತ್ತ ನಿಂತ, ಬಿಸಿಲಿಗೆ ಮೈ ಥಳಥಳಿಸುವ ವ್ಯಾಂಪೈರನೊಬ್ಬನನ್ನು ಮೇಯರ್ ಕನಸಿನಲ್ಲಿ ಕಂಡರಂತೆ. ಆ ಕನಸೇ ಮುಂದೆ ಕಾದಂಬರಿಯ ಹದಿಮೂರನೆಯ ಅಧ್ಯಾಯವಾಯಿತು. ಸುಡುಬಿಸಿಲಿನ ಅರಿಜೋನಾದಲ್ಲಿ ಕುಳಿತು ಬರೆದ ಆಕೆ, ಬಿಸಿಲಿಗೆ ಅಂಜುವ ಪಾತ್ರಗಳಿಗಾಗಿ ಅಮೆರಿಕದಲ್ಲಿ ಮಳೆ ಬಿಡದೆ ಸುರಿಯುವ ಊರನ್ನು ಅರಸಿ, ತಾವು ಕಂಡಿರದಿದ್ದ ಫೋರ್ಕ್ಸ್ ಎಂಬ ವಾಷಿಂಗ್ಟನ್ ಸಂಸ್ಥಾನದ ಸಣ್ಣ ಊರನ್ನು ಆರಿಸಿಕೊಂಡರು. ಅಲ್ಲಿಗೆ ತಂದೆಯ ಮನೆಗೆಂದು ಬಂದ ಬೆಲ್ಲಾ ಜೀವಶಾಸ್ತ್ರದ ತರಗತಿಯಲ್ಲಿ ಎಡ್ವರ್ಡನ ಪಕ್ಕದಲ್ಲಿ ಕೂರುತ್ತಾಳೆ. ಅವನು ಬೆಂಚಿನ ತುದಿಗೆ ಸರಿದು, ಮುಷ್ಟಿ ಬಿಗಿದು, ಮುಖ ತಿರುಗಿಸುತ್ತಾನೆ. ತನ್ನ ಮೇಲೆ ಇವನಿಗೇನೋ ಜಿಗುಪ್ಸೆಯೆಂದು ಹುಡುಗಿ ನೊಂದುಕೊಂಡರೆ, ಅವನಾದರೋ ಅವಳ ನೆತ್ತರಿನ ಕಂಪನ್ನು ತಾಳಲಾರದೆ ಉಸಿರು ಬಿಗಿಹಿಡಿದಿರುತ್ತಾನೆ. 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯಬೇಕಾಗಿದ್ದವನು, ಅಂದಿನಿಂದಲೂ ಹದಿನೇಳರ ಹರೆಯದಲ್ಲೇ ನಿಂತುಹೋದವನು.

ವ್ಯಾಂಪೈರ್ ಎಂದರೆ ಬಿಸಿಲಿಗೆ ಉರಿದು ಬೂದಿಯಾಗಬೇಕೇ ಹೊರತು ವಜ್ರದಂತೆ ಮಿನುಗಬಾರದು, ಇದು ಸಂಪ್ರದಾಯದ್ರೋಹ ಎಂಬ ಆಕ್ಷೇಪವನ್ನು ಎತ್ತಿದವರು ಬಹು ಮಂದಿ. ಇದರ ಮೇಲೆ ಹೆಚ್ಚು ಮಾತು ವ್ಯಯಮಾಡಬೇಕಾದುದಿಲ್ಲ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲನು ಲಂಡನ್ನಿನ ಬೀದಿಯಲ್ಲಿ ಹಗಲುಹೊತ್ತಿನಲ್ಲಿಯೇ ಓಡಾಡುತ್ತಾನೆ. ಸೂರ್ಯಕಿರಣದಿಂದ ಸಾಯುವುದನ್ನು ಈ ಕುಲಕ್ಕೆ ಕಲಿಸಿದ್ದು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿಚಿತ್ರ. ಸಂಪ್ರದಾಯವೆಂದು ಕೂಗಿದವರು ಪುಸ್ತಕವನ್ನಲ್ಲ, ಸಿನಿಮಾವನ್ನು ಕಾಪಾಡುತ್ತಿದ್ದರು.

ಗುರುತರವಾದ ಆಕ್ಷೇಪ ಬೇರೆಯೇ ಇದೆ. ಎಡ್ವರ್ಡನು ರಾತ್ರಿಯ ಹೊತ್ತು ಬೆಲ್ಲಾಳ ಕೋಣೆಗೆ ಅವಳ ಅರಿವಿಲ್ಲದೆ ಬಂದು, ಅವಳು ನಿದ್ರಿಸುವುದನ್ನು ನೋಡುತ್ತ ನಿಲ್ಲುತ್ತಾನೆ; ಮೂರನೆಯ ಕಾದಂಬರಿಯಲ್ಲಿ ಅವಳು ತನ್ನ ಗೆಳೆಯ ಜೇಕಬನನ್ನು ಕಾಣಲು ಹೋಗದಿರಲೆಂದು ಅವಳ ವಾಹನದ ಯಂತ್ರದ ಭಾಗವೊಂದನ್ನೇ ಕಳಚಿಡುತ್ತಾನೆ. ಇದು ಪ್ರೇಮವೋ ಕಾವಲೋ ಎಂದು ಕೇಳಿದ ಓದುಗರು ಕೇಳಬೇಕಾದುದನ್ನೇ ಕೇಳಿದ್ದಾರೆ. ನಮ್ಮ ಆಲಂಕಾರಿಕರು ಶೃಂಗಾರಕ್ಕೆ ಭಯಾನಕವನ್ನು ವಿರೋಧಿರಸವೆಂದು ಗಣಿಸಿದರಷ್ಟೆ. ಪರಸ್ಪರ ವಿರೋಧಿಗಳಾದ ರಸಗಳನ್ನು ಒಂದೇ ಆಶ್ರಯದಲ್ಲಿ ಕೂಡಿಹಾಕದೆ, ಬೇರೆ ಬೇರೆ ಆಶ್ರಯಗಳಲ್ಲಿ ನಿಲ್ಲಿಸಿಯೋ ನಡುವೆ ಇನ್ನೊಂದು ರಸವನ್ನು ತಂದೋ ವಿರೋಧವನ್ನು ಪರಿಹರಿಸಬೇಕೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ದಾರಿ ತೋರಿದನು. ಮೇಯರ್ ಅವರ ಕಥೆಯ ಜೀವಾಳವೇ ಈ ಪರಿಹಾರವನ್ನು ನಿರಾಕರಿಸುವುದರಲ್ಲಿದೆ: ಯಾರ ತೋಳಿನಲ್ಲಿ ಅಭಯವೋ ಅವನ ಹಲ್ಲಿನಲ್ಲಿಯೇ ಮರಣ. ಹದಿನಾಲ್ಕು ಹದಿನೈದರಲ್ಲಿ ಓದಿದಾಗ ಮೈನವಿರೇಳಿಸಿದ ರಾತ್ರಿಯ ಪ್ರಸಂಗವನ್ನು ಮೂವತ್ತರಲ್ಲಿ ಮರಳಿ ಓದಿದವರು, ಮೊದಲು ಕಿಟಕಿಯ ಚಿಲಕ ಹಾಕೆಂದು ಆ ಹುಡುಗಿಗೆ ಹೇಳಬೇಕೆನ್ನಿಸಿತು ಎಂದರೆ, ಅದರಿಂದ ಮೊದಲ ಓದು ಸುಳ್ಳಾಗದು.

ಎರಡನೆಯ ಕಾದಂಬರಿ ‘ನ್ಯೂ ಮೂನ್’ನಲ್ಲಿ ಎಡ್ವರ್ಡನು ಅವಳನ್ನು ತೊರೆದುಹೋದ ಬಳಿಕ ಬರುವ ಪುಟಗಳನ್ನು ಇಲ್ಲಿ ನೆನೆಯಲೇಬೇಕು. ಒಂದು ಪುಟದಲ್ಲಿ ಅಕ್ಟೋಬರ್ ಎಂಬುದೊಂದೇ ಪದ. ಮುಂದೆ ನವೆಂಬರ್, ಡಿಸೆಂಬರ್, ಜನವರಿ. ಉಳಿದುದೆಲ್ಲ ಬರಿದು. ಇದು ಕಾಗದವನ್ನು ಪೋಲುಮಾಡುವ ಚಮತ್ಕಾರವೆಂದು ನಕ್ಕವರಿದ್ದಾರೆ. ವಿರಹದ ಜಡತೆಯನ್ನು ಇಷ್ಟು ಯಥಾರ್ಥವಾಗಿ ಬೇರೆಲ್ಲಿಯೂ ಕಂಡಿಲ್ಲವೆಂದು ಬಿಕ್ಕಿದವರೂ ಇದ್ದಾರೆ. ಶೈಲಿಯಲ್ಲಿ ವಿಶೇಷಣಗಳ ಅತಿವ್ಯಯವೇ ಈ ಲೇಖಕಿಯ ಮುಖ್ಯ ದೋಷವೆಂದು ನಾವು ಬಗೆದಿದ್ದೇವಾದರೂ, ಆಕೆಯ ಸರಣಿಯಲ್ಲೆಲ್ಲ ಅತ್ಯುತ್ತಮವಾದುದು ಆಕೆ ಏನನ್ನೂ ಬರೆಯದ ಆ ಪುಟಗಳೇ ಎಂದು ಹೇಳಿದರೆ, ಅದನ್ನು ವ್ಯಂಗ್ಯವೆಂದು ಯಾರೂ ಎಣಿಸಬಾರದು.

ಪುಸ್ತಕದ ಮೇಲೆ ಬೀಳಬೇಕಾದ ಏಟು ಓದುವವರ ಬೆನ್ನ ಮೇಲೆ ಬಿದ್ದುದು ಇನ್ನೊಂದು ಕಥೆ. ಸ್ಟೀಫನ್ ಕಿಂಗ್ ಅವರಂಥ ಜನಪ್ರಿಯ ಲೇಖಕರು ಮೇಯರ್ ಅವರಿಗೆ ಬರೆಯಲು ಬಾರದೆಂದುದು ವಿಮರ್ಶೆ, ಒಪ್ಪಬಹುದು, ಬಿಡಬಹುದು. ಆದರೆ ಹರೆಯದ ಹುಡುಗಿಯರು ಮೆಚ್ಚಿದರೆಂಬ ಒಂದೇ ಕಾರಣಕ್ಕೆ ಕೃತಿಯನ್ನು ಹಾಸ್ಯಾಸ್ಪದವೆಂದುದು ವಿಮರ್ಶೆಯಲ್ಲ. ಕನ್ನಡಿಗರಿಗೆ ಈ ರೀತಿ ಹೊಸತೇನಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದ ತ್ರಿವೇಣಿಯವರ, ಸಾಯಿಸುತೆಯವರ ಕಾದಂಬರಿಗಳನ್ನು ಅಡುಗೆ ಮುಗಿಸಿ ಓದುತ್ತಿದ್ದ ಗೃಹಿಣಿಯರನ್ನು ಕುರಿತು ನಮ್ಮ ಪಂಡಿತವಲಯವು ಆಡಿದ ಮಾತು ಇದಕ್ಕಿಂತ ಮೃದುವಾಗಿರಲಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ಮಾನಸಿಕ ಯಾತನೆಯನ್ನು ಪಂಡಿತರಿಗಿಂತ ಮೊದಲು ಗ್ರಹಿಸಿದವರು ಆ ಗೃಹಿಣಿಯರೇ ಎಂಬುದು ನಮ್ಮ ನಂಬುಗೆ.

ಅಭಿಮಾನಿಗಳ ಕಣ್ಣಿಗೆ ತಡವಾಗಿ ಬಿದ್ದ ಒಂದು ಆಕ್ಷೇಪವು ಪಾತ್ರಗಳಿಗೆ ಸಂಬಂಧಿಸಿದುದಲ್ಲ, ಜೀವಂತ ಜನರಿಗೆ ಸಂಬಂಧಿಸಿದುದು. ಜೇಕಬನ ಕುಲವೆಂದು ಕಥೆಯಲ್ಲಿ ಬರುವ ಕ್ವಿಲಿಯೂಟರು ಫೋರ್ಕ್ಸ್ ಊರಿಗೆ ಸಮೀಪದ ಲಾ ಪುಶ್ ಕಡಲತೀರದಲ್ಲಿ ವಾಸಿಸುವ ಮೂಲನಿವಾಸಿಗಳು. ತಮ್ಮ ಪೂರ್ವಿಕರನ್ನು ತೋಳಗಳಿಂದ ಮನುಷ್ಯರನ್ನಾಗಿ ಮಾಡಲಾಯಿತೆಂಬುದು ಅವರ ಸೃಷ್ಟಿಪುರಾಣ. ಮನುಷ್ಯರು ಕೋಪ ಬಂದಾಗ ತೋಳಗಳಾಗುವುದು ಮೇಯರ್ ಅವರ ಕಲ್ಪನೆ. ಪ್ರವಾಸಿಗಳು ತಂಡತಂಡವಾಗಿ ಬಂದು ಇಲ್ಲದ ಐತಿಹ್ಯವನ್ನು ವಿಚಾರಿಸತೊಡಗಿದ ಮೇಲೆ, ಸಿಯಾಟಲಿನ ಬರ್ಕ್ ವಸ್ತುಸಂಗ್ರಹಾಲಯವು ಆ ಕುಲದವರ ಸಹಕಾರದಿಂದ ನಿಜವಾವುದು, ಕಥೆಯಾವುದು ಎಂಬುದನ್ನು ಬಿಡಿಸಿ ತೋರಿಸಬೇಕಾಯಿತು. ಸುನಾಮಿಗೆ ಈಡಾಗಬಲ್ಲ ತೀರವನ್ನು ಬಿಟ್ಟು ಎತ್ತರದ ನೆಲೆಗೆ ಸರಿಯಲು ಅವರಿಗೆ ಭೂಮಿ ದೊರಕಿಸುವ ಕಾನೂನು 2012ರಲ್ಲಿ ಆಯಿತೆಂಬುದನ್ನು ಸರಣಿಯ ಓದುಗರಲ್ಲಿ ಎಷ್ಟು ಮಂದಿ ಬಲ್ಲರೋ!

ಬೆಲ್ಲಾ ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಅಬಲೆಯೆಂಬ ದೂರಿಗೆ ಲೇಖಕಿ ಕೊಟ್ಟ ಉತ್ತರವೂ ವಿಲಕ್ಷಣವಾದುದೇ. 2015ರಲ್ಲಿ, ನಾಯಕಿಯನ್ನು ಹುಡುಗನನ್ನಾಗಿಯೂ ನಾಯಕನನ್ನು ಹುಡುಗಿಯನ್ನಾಗಿಯೂ ಬದಲಿಸಿ ಇಡೀ ಕಥೆಯನ್ನು ‘ಲೈಫ್ ಅಂಡ್ ಡೆತ್’ ಎಂದು ಮರಳಿ ಬರೆದರು. ವಾದದಲ್ಲಿ ಗೆಲ್ಲಲು ಒಂದು ಕಾದಂಬರಿಯನ್ನೇ ಬರೆಯುವ ಹಟ ನಮಗೆ ಹಿಡಿಸಿತು, ಕಾದಂಬರಿ ಅಷ್ಟಾಗಿ ಹಿಡಿಸಲಿಲ್ಲ. ಹಸ್ತಪ್ರತಿ 2008ರಲ್ಲಿ ಅನುಮತಿಯಿಲ್ಲದೆ ಬಯಲಾದುದರಿಂದ ಮನನೊಂದು ನಿಲ್ಲಿಸಿದ್ದ ‘ಮಿಡ್‌ನೈಟ್ ಸನ್’ ಕೊನೆಗೂ 2020ರಲ್ಲಿ ಹೊರಬಂದಿತು. ಅದೇ ಕಥೆಯನ್ನು ಎಡ್ವರ್ಡನ ಬಾಯಿಂದ ಹೇಳಿಸುವ ಆ ಗ್ರಂಥದಲ್ಲಿ, ಓದುಗರು ಹೊರಿಸಿದ ಆಪಾದನೆಯನ್ನು ಅವನೇ ತನ್ನ ಮೇಲೆ ಹೊರಿಸಿಕೊಳ್ಳುತ್ತಾನೆ. ನಿದ್ರಿಸುವವಳ ಕೋಣೆಗೆ ಹೊಗುವುದು ಹೇಯವೆಂದು ಹಳಿದುಕೊಂಡೂ ಮತ್ತೆ ಹೋಗುತ್ತಾನೆ. ಈ ಆತ್ಮನಿಂದೆಗಾಗಿ ಕೆಲವರು ಅವನನ್ನು ಕ್ಷಮಿಸಿದರು. ಮಿಕ್ಕವರು, ತಪ್ಪೆಂದು ತಿಳಿದೂ ಮಾಡುವವನು ತಿಳಿಯದೆ ಮಾಡುವವನಿಗಿಂತ ಹೆಚ್ಚಿನ ಅಪರಾಧಿಯೆಂದರು. ನಮ್ಮ ಒಲವು ಈ ಎರಡನೆಯ ಪಕ್ಷದ ಕಡೆಗೆ.